ಕೈಸರೈಯದ ಧರ್ಮಛತ್ರ

ಲೂಕನ ಸುವಾರ್ತೆಯಲ್ಲಿ ಬರುವ ಸಮಾರ್ಯದವನ ದೃಷ್ಟಾಂತವು ಸರ್ವವಿದಿತವಾದುದು. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಸ್ವಜನರು ಕಂಡೂ ಕಾಣದಂತೆ ಸಾಗಿಹೋಗುತ್ತಾರೆ. ಅನ್ಯನೆಂದು ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು ಅವನ ಗಾಯಗಳನ್ನು ಕಟ್ಟುತ್ತಾನೆ. ಇದರ ಉತ್ತರಾರ್ಧಕ್ಕೆ ಮಾತ್ರ ಅಷ್ಟಾಗಿ ಗಮನ ಸಂದಿಲ್ಲ. ಆತನು ಗಾಯಾಳುವನ್ನು ಛತ್ರಕ್ಕೆ ಒಯ್ದು, ಯಜಮಾನನಿಗೆ ಎರಡು ಬೆಳ್ಳಿಯ ನಾಣ್ಯಗಳನ್ನು ಕೊಟ್ಟು, ಮಿಕ್ಕ ವೆಚ್ಚಕ್ಕೂ ತಾನೇ ಹೊಣೆಯಾಗುತ್ತಾನೆ. ಕರುಣೆಗೆ ಮನಸ್ಸಿನಂತೆಯೇ ಮನೆಯೂ ಹಣವೂ ಬೇಕೆಂಬ ಈ ಅರ್ಥವು ಚರಿತ್ರೆಯಲ್ಲಿ ಸ್ಪಷ್ಟವಾಗಿ ಮೂರ್ತಗೊಂಡುದು 4ನೆಯ ಶತಮಾನದ ಕಪ್ಪದೋಕ್ಯ ಪ್ರಾಂತದಲ್ಲಿ.

ಇಂದಿನ ತುರ್ಕಿಯ ಕೈಸೇರಿಯೇ ಅಂದಿನ ಕೈಸರೈಯ, ಆ ಪ್ರಾಂತದ ರಾಜಧಾನಿ. ಕ್ರಿ.ಶ. 369ರ ಸುಮಾರಿಗೆ ಅಲ್ಲಿ ಘೋರ ಕ್ಷಾಮವುಂಟಾಯಿತು. ನಗರವು ಸಮುದ್ರಕ್ಕೆ ದೂರವಾದುದರಿಂದ ಹೊರಗಿನ ಧಾನ್ಯ ಬರುವುದು ಕಷ್ಟ. ಇದ್ದ ಧಾನ್ಯವನ್ನು ಸಿರಿವಂತರು ಬೆಲೆಯೇರಲೆಂದು ಕೂಡಿಟ್ಟರು. ಆಗ ಪಾದ್ರಿಯಾಗಿದ್ದ ಬೇಸಿಲನು ಉಪದೇಶಗಳಿಂದ ಅವರ ಕಣಜಗಳನ್ನು ತೆರೆಯಿಸಿ, ಹಸಿದವರಿಗೆ ಅಂಬಲಿಯನ್ನು ಹಂಚಿದನೆಂದು ಗೆಳೆಯನಾದ ನಾಜಿಯಾನ್ಸಸ್ಸಿನ ಗ್ರೆಗರಿಯು ಹೇಳುತ್ತಾನೆ. ಯೆಹೂದ್ಯರ ಮಕ್ಕಳಿಗೂ ಅದರಲ್ಲಿ ಸಮಪಾಲು ದೊರೆಯಿತೆಂಬುದು ತಮ್ಮನಾದ ನಿಸ್ಸದ ಗ್ರೆಗರಿಯ ಸಾಕ್ಷ್ಯ.

ಇವೆರಡೂ ಮೃತನ ಗುಣಗಾನಕ್ಕಾಗಿ ರಚಿತವಾದ ಭಾಷಣಗಳಾದುದರಿಂದ ಅತಿಶಯೋಕ್ತಿಯ ಶಂಕೆ ಸಹಜವೇ. ಆದರೆ ಬೇಸಿಲನದೇ ಪತ್ರವೊಂದು ಉಳಿದಿದೆ. 370ರಲ್ಲಿ ಬಿಷಪ್ ಆದ ಮೇಲೆ ಆತನು ನಗರದ ಹೊರಗೆ ದೊಡ್ಡದೊಂದು ಧರ್ಮಛತ್ರವನ್ನು ಕಟ್ಟಿಸತೊಡಗಿದನು. ಇದರಿಂದ ರಾಜ್ಯಕ್ಕೆ ಹಾನಿಯೆಂದು ಕೆಲವರು ದೂರಿತ್ತಾಗ, ಪ್ರಾಂತಾಧಿಪತಿ ಏಲಿಯಾಸನಿಗೆ ಸಮಾಧಾನ ಬರೆದನು. ಪರಸ್ಥಳದವರಿಗೆ ತಂಗುದಾಣ, ರೋಗಿಗಳಿಗೆ ಶುಶ್ರೂಷಕರು ಮತ್ತು ವೈದ್ಯರು, ಹೊರೆಯ ಪಶುಗಳು, ಬೇಕಾದ ಕಸಬುಗಳು—ಹೀಗೆ ಆ ಪತ್ರವು ಲೆಕ್ಕವೊಪ್ಪಿಸುವಂತೆ ಸಾಗುತ್ತದೆ. ಊರಿನಿಂದ ಹೊರದೂಡಲ್ಪಟ್ಟಿದ್ದ ಕುಷ್ಠರೋಗಿಗಳಿಗೂ ಅಲ್ಲಿ ಆಶ್ರಯವಿತ್ತು. ಬೇಸಿಲನು ಅವರನ್ನು ಆಲಿಂಗಿಸುತ್ತಿದ್ದನೆಂದು ಗೆಳೆಯ ಗ್ರೆಗರಿಯು ಸ್ಮರಿಸುತ್ತಾನೆ. ವೈದ್ಯವಿದ್ಯೆಯು ದೇವರ ಕೊಡುಗೆಯೆಂದೂ ಅದರ ಬಳಕೆ ಭಕ್ತಿಗೆ ವಿರೋಧವಲ್ಲವೆಂದೂ ಬೇಸಿಲನು ತನ್ನ ಸನ್ಯಾಸಿಗಳಿಗೆ ಬೋಧಿಸಿದ್ದನು. ಅದಕ್ಕೂ ಮುಂಚೆ ರೋಮನರಲ್ಲಿ ಸೈನಿಕರಿಗೆ ಶುಶ್ರೂಷಾಲಯಗಳಿದ್ದವು. ಗ್ರೀಕರ ಅಸ್ಕ್ಲೇಪಿಯಸ್ ದೇವಾಲಯಗಳಿಗೆ ರೋಗಿಗಳು ಹರಕೆ ಹೊತ್ತು ಬರುತ್ತಿದ್ದರು. ಇಲ್ಲಿಯ ಹೊಸತೆಂದರೆ, ನಿರ್ಗತಿಕನಿಗಾಗಿಯೇ ವೈದ್ಯನನ್ನು ನೆಲೆಯಾಗಿ ಇರಿಸಿದುದು.

ವಿರೋಧಪಕ್ಷದ ಸಾಕ್ಷ್ಯವೂ ಇದಕ್ಕೆ ಪೋಷಕವಾಗಿದೆ. ಹಳೆಯ ದೇವತಾರಾಧನೆಯನ್ನು ಮರಳಿ ಸ್ಥಾಪಿಸಹೊರಟ ಚಕ್ರವರ್ತಿ ಜೂಲಿಯನನು 362ರಲ್ಲಿ ನೆರೆಯ ಗಲಾತ್ಯದ ಪ್ರಧಾನ ಅರ್ಚಕನಿಗೆ ಬರೆದನೆನ್ನಲಾದ ಪತ್ರದಲ್ಲಿ, ಕ್ರೈಸ್ತರು ತಮ್ಮ ಬಡವರನ್ನಲ್ಲದೆ ನಮ್ಮವರನ್ನೂ ಪೋಷಿಸುತ್ತಿರುವುದು ನಾಚಿಕೆಗೇಡೆಂದು ನೊಂದುಕೊಂಡು, ಊರೂರಿಗೆ ಛತ್ರಗಳನ್ನು ಕಟ್ಟಿಸಲು ಆಜ್ಞಾಪಿಸುತ್ತಾನೆ. ಪತ್ರದ ಕರ್ತೃತ್ವವನ್ನು ಕೆಲವು ವಿದ್ವಾಂಸರು ಸಂದೇಹಿಸಿರುವರಾದರೂ, ಅದು 5ನೆಯ ಶತಮಾನದ ಸೊಜೊಮೆನನ ಚರಿತ್ರೆಯ ಮೂಲಕ ನಮಗೆ ಬಂದಿದೆ. ಪರರ ಬಡವರನ್ನೂ ಪೋಷಿಸುವುದು ಆ ಕಾಲದಲ್ಲೇ ಎದ್ದು ಕಾಣುವ ಲಕ್ಷಣವಾಗಿತ್ತೆಂಬುದಕ್ಕೆ ಅಷ್ಟು ಸಾಕು.

ಬೇಸಿಲನು ಮತವಾದದಲ್ಲಿ ನಿಷ್ಠುರನಾಗಿದ್ದನು. ಭಿನ್ನಮತೀಯರೊಡನೆ ಜೀವಮಾನವೆಲ್ಲ ಕಾದಾಡಿದನು. ಧರ್ಮಛತ್ರದಿಂದ ಆತನ ಅಧಿಕಾರವೂ ಬೆಳೆಯಿತು. ಅಂಥವನು ಕ್ಷಾಮಕಾಲದಲ್ಲಿ ಅಂಬಲಿಯ ಹಂಡೆಯ ಮುಂದೆ ಯಾರ ಮತವನ್ನೂ ವಿಚಾರಿಸಲಿಲ್ಲವೆಂಬುದೇ ವಿಶೇಷ. 379ರಲ್ಲಿ ಆತನು ತೀರಿಕೊಂಡಾಗ ಕ್ರೈಸ್ತರೊಡನೆ ಯೆಹೂದ್ಯರೂ ಇತರ ಮತೀಯರೂ ಶವಯಾತ್ರೆಯಲ್ಲಿ ಶೋಕಿಸಿದರೆಂದು ನಾಜಿಯಾನ್ಸಸ್ಸಿನ ಗ್ರೆಗರಿಯು ಬರೆದಿದ್ದಾನೆ. ಆ ಕಟ್ಟಡಗಳಿಗೆ ಆತನ ಹೆಸರೇ ನಿಂತಿತು. ಮುಂದಿನ ಶತಮಾನದಲ್ಲಿಯೂ ಜನರು ಅದನ್ನು ಬೇಸಿಲಿಯಾಸ್ ಎಂದೇ ಕರೆಯುತ್ತಿದ್ದರು.