ಹಣ ತಲುಪಿಸುವವನ ಅರ್ಹತೆ



ಗಲ್ಫಿನಲ್ಲಿರುವ ಮಗನ ಹಣ ಮನೆಗೆ ಹೇಗೆ ಬರುತ್ತದೆಂದು ನಮ್ಮ ಪುತ್ತಿಗೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ನಾನು ಬ್ಯಾಂಕಿನ ಗುಮಾಸ್ತನಾಗಿದ್ದಾಗ ಒಬ್ಬ ತಾಯಿ ಕೌಂಟರಿನ ಮುಂದೆ ನಿಂತು ಕೇಳಿದ್ದರು: "ಚೀಲದವನು ಸಂಜೆಯೇ ಮನೆಗೆ ತಂದು ಕೊಡುತ್ತಾನೆ, ಸಹಿಯೂ ಬೇಡ. ನಿಮಗೇಕೆ ಇಷ್ಟು ಕಾಗದ?" ರೂಲು ಹಾಗಿದೆ ಎಂದು ಹೇಳಿ ಕಳುಹಿಸಿದೆ. ಅದು ಉತ್ತರವಾಗಿರಲಿಲ್ಲ. ಆ ಬಾಕಿಯನ್ನು ಇಂದು ತೀರಿಸುತ್ತೇನೆ.

ಹಣವನ್ನು ಹೊರದೆಯೇ ಸಾಗಿಸುವ ವಿದ್ಯೆ ಹಳೆಯದು. ಸಾಹುಕಾರನು ಹುಂಡಿ ಬರೆದರೆ ದೂರದ ಊರಿನಲ್ಲಿ ನಗದು ಸಿಗುತ್ತಿತ್ತು. ಮನೆತನದ ಹೆಸರೇ ಅವನ ಲೈಸೆನ್ಸು. 1880ರ ಜನವರಿ 1ರಿಂದ ಅಂಚೆ ಇಲಾಖೆ ಮನಿಯಾರ್ಡರು ಆರಂಭಿಸಿತು. ಸಾಹುಕಾರನ ಪರಿಚಯವಿಲ್ಲದ ಬಡವನಿಗೂ ರಶೀದಿಯ ಬಲ ಬಂತು.

ವಿದೇಶಿ ಹಣಕ್ಕೆ ಕಡಿವಾಣ ಬಿದ್ದದ್ದು 1939ರಲ್ಲಿ, ಮಹಾಯುದ್ಧದ ಕಾಲದಲ್ಲಿ. 1947ರಲ್ಲಿ ಅದು ಕಾಯಿದೆಯಾಯಿತು. 1973ರ ಹೊಸ ಕಾಯಿದೆ ಇನ್ನಷ್ಟು ಬಿಗಿಯಾಯಿತು. ಅದೇ 1973ರಲ್ಲಿ ತೈಲದ ಬೆಲೆ ಏರಿ, ಗಲ್ಫಿನ ಬಾಗಿಲು ನಮ್ಮ ಹುಡುಗರಿಗೆ ಅಗಲವಾಗಿ ತೆರೆಯಿತು. ಸರಕಾರಿ ದರಕ್ಕಿಂತ ಹೊರಗಿನ ದರ ಹೆಚ್ಚು. ಮಲಯಾಳದಲ್ಲಿ ಕುಳಲ್‌ಪಣವೆನ್ನುವ ವ್ಯವಹಾರ ಬೆಳೆದದ್ದು ಈ ಸಂದಿಯಲ್ಲಿ.

ಅದರಲ್ಲಿ ಮಗನ ಹಣ ಸಮುದ್ರ ದಾಟುವುದೇ ಇಲ್ಲ. ದಿರ್ಹಂ ಅಲ್ಲಿಯೇ ಉಳಿಯುತ್ತದೆ. ಇಲ್ಲಿ ಕೈಗೆ ಬರುವುದು ಇನ್ಯಾರದೋ ರೂಪಾಯಿ. ಅದು ಲೆಕ್ಕಕ್ಕೆ ಸಿಗದ ಹಣವೋ, ಕಳ್ಳಸಾಗಣೆಯದೋ, ಪಡೆದವರಿಗೆ ತಿಳಿಯದು.

1999ರ ಫೆಮಾ ಕಾಯಿದೆ 2000ದ ಜೂನ್ 1ರಂದು ಜಾರಿಗೆ ಬಂತು. ಜೈಲಿನ ಬದಲು ದಂಡಕ್ಕೆ ಒತ್ತು ಕೊಟ್ಟಿತು. ಆದರೆ ದಂಡ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಅಧಿಕೃತನಲ್ಲದವನ ಮೂಲಕ ವಿದೇಶದ ಹಣ ಪಡೆಯುವುದೂ ಉಲ್ಲಂಘನೆಯೇ.

ಹಾಗಾದರೆ ಅಧಿಕೃತನಾಗಲು ಅರ್ಹತೆ ಏನು? ವಿದೇಶದಿಂದ ಬರುವ ಹಣವನ್ನು ಇಲ್ಲಿ ಕೈಗೆ ಕೊಡುವ ಏಜೆಂಟನ ಬಗ್ಗೆ ರಿಸರ್ವ್ ಬ್ಯಾಂಕಿನ 2017ರ ನಿರ್ದೇಶನವನ್ನು ನೋಡಿ. ಅವನು ಅಧಿಕೃತ ಬ್ಯಾಂಕು, ಪರವಾನಗಿ ಪಡೆದ ಹಣ ವಿನಿಮಯ ಸಂಸ್ಥೆ ಅಥವಾ ಅಂಚೆ ಇಲಾಖೆಯಾಗಿರಬೇಕು. ಖಾಸಗಿ ಸಂಸ್ಥೆಗೆ ಕನಿಷ್ಠ 50 ಲಕ್ಷ ರೂಪಾಯಿ ಸ್ವಂತ ನಿಧಿ ಬೇಕು. ವಿದೇಶಿ ಕಂಪೆನಿ ಮೂರು ದಿನದ ಸರಾಸರಿ ಪಾವತಿಯಷ್ಟು ಅಥವಾ 50 ಸಾವಿರ ಡಾಲರು, ಯಾವುದು ಹೆಚ್ಚೋ ಅಷ್ಟನ್ನು ಜಾಮೀನಾಗಿ ಇಡಬೇಕು. ಒಂದು ಸಲಕ್ಕೆ 2,500 ಡಾಲರು, ಒಬ್ಬರಿಗೆ ವರ್ಷಕ್ಕೆ 30 ಸಲ, ನಗದಾಗಿ 50 ಸಾವಿರ ರೂಪಾಯಿವರೆಗೆ ಮಾತ್ರ.

ಇದೆಲ್ಲದರ ತಿರುಳು ಒಂದೇ. ಹಣ ತಲುಪಿಸುವವನಿಗೆ ಕಳೆದುಕೊಳ್ಳಲು ಏನಾದರೂ ಇರಬೇಕು. ಅವನು ಕೊಟ್ಟದ್ದಕ್ಕೆ ದಾಖಲೆ ಇರಬೇಕು.

ಚೀಲದವನು ಹೆಚ್ಚಿನ ದಿನ ಮಾತು ಉಳಿಸಿಕೊಳ್ಳುತ್ತಿದ್ದ, ಸುಳ್ಳೇಕೆ ಹೇಳಲಿ? ಆದರೆ ಅವನು ಬಾರದ ಒಂದು ದಿನ ಆ ತಾಯಿ ಯಾರಲ್ಲಿ ದೂರು ಕೊಟ್ಟಾರು? ಕೈಯಲ್ಲಿ ಚೀಟಿಯಿಲ್ಲ, ದೂರು ಕೊಟ್ಟರೆ ತಾನೇ ತಪ್ಪಿತಸ್ಥೆ. ನಾನು ಕೇಳುತ್ತಿದ್ದ ಆ ಕಾಗದಗಳು ಬ್ಯಾಂಕಿನ ರಕ್ಷಣೆಗೆ ಮಾತ್ರವಲ್ಲ, ಆಕೆಯ ರಕ್ಷಣೆಗೂ ಇದ್ದವು. ಅಂದು ಇಷ್ಟನ್ನು ಹೇಳಲು ಐದು ನಿಮಿಷ ಸಾಕಿತ್ತು. ನಿಮ್ಮ ಮನೆಯ ಹಿರಿಯರಿಗೆ ಆ ಐದು ನಿಮಿಷವನ್ನು ನೀವು ಕೊಡಿ.