ಮರ್ತಬಾನಿನ ಮಣ್ಣು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳೆಯ ಮನೆಗಳ ಅಟ್ಟ ತಡಕಿದರೆ ಒಂದು ಭರಣಿಯಾದರೂ ಸಿಗುತ್ತದೆ. ಮೇಲೆ ಕಂದು, ಕೆಳಗೆ ಹಾಲುಬಿಳುಪು. ಉಪ್ಪಿನಕಾಯಿಗೆಂದೇ ಮೀಸಲು. ಕನ್ನಡದಲ್ಲಿ ಪಿಂಗಾಣಿ ಜಾಡಿ ಎನ್ನುವ ಇದಕ್ಕೆ ಉರ್ದುವಿನಲ್ಲಿ ಮರ್ತಬಾನ್ ಎಂಬ ಹೆಸರಿದೆ. ಮರ್ತಬಾನ್ ಬರ್ಮಾದ ಒಂದು ಬಂದರು. ಅಲ್ಲಿಂದ ಹಡಗೇರುತ್ತಿದ್ದ ಜಾಡಿಗಳಿಗೆ ಊರಿನ ಹೆಸರೇ ಅಂಟಿಕೊಂಡಿತು. 14ನೇ ಶತಮಾನದ ಯಾತ್ರಿಕ ಇಬ್ನ್ ಬತೂತಾ, ಹಡಗುಪ್ರಯಾಣಕ್ಕೆ ತನಗೆ ಸಿಕ್ಕ ಉಡುಗೊರೆಗಳಲ್ಲಿ ಶುಂಠಿ, ಮೆಣಸು, ನಿಂಬೆ, ಮಾವು ಉಪ್ಪು ಹಾಕಿ ತುಂಬಿದ ನಾಲ್ಕು ಮರ್ತಬಾನುಗಳನ್ನು ನೆನೆದಿದ್ದಾನೆ. ಅಂದರೆ ನಮ್ಮ ಅಟ್ಟದ ಜಾಡಿ ಆಗಿನ ಕೆಲಸವನ್ನೇ ಈಗಲೂ ಮಾಡುತ್ತಿದೆ!

ನಮ್ಮ ಕುಂಬಾರರ ಗಡಿಗೆ ನೀರನ್ನು ತಣ್ಣಗಿಡುವುದು ಅದರ ಮೈ ಬೆವರುವುದರಿಂದ. ಉಪ್ಪು, ಹುಳಿಗೆ ಆ ಗುಣವೇ ಶತ್ರು. ಹೀಗಾಗಿ ಮೆರುಗು ಬೇಕು. ಮೆರುಗೆಂದರೆ ಬೆಂಕಿಯಲ್ಲಿ ಕರಗಿ ಮಣ್ಣಿನ ಮೇಲೆ ಕೂತ ಗಾಜು, ಅಷ್ಟೇ.

ಕರ್ನಾಟಕದಲ್ಲಿ ಈ ಮೆರುಗಿನ ವೈಭವ ಕಾಣಲು ಬೀದರಿಗೆ ಹೋಗಬೇಕು. ಇರಾನಿನ ಗೀಲಾನಿನಿಂದ ಬಂದು ಬಹಮನಿಯರ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಯ ಮೇಲೆ ನೀಲಿ, ಹಳದಿ, ಬಿಳಿ ಬಿಲ್ಲೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. 1696ರಲ್ಲಿ ಮದ್ದು ಸಿಡಿದು ಅರ್ಧ ಕಟ್ಟಡವೇ ಹೋಯಿತು.

ಇಂಥವೇ ಬಿಲ್ಲೆಗಳು ಲಂಡನ್ನಿನಲ್ಲಿ ಚಿತ್ರಕಾರನೊಬ್ಬನ ಮನೆಯಲ್ಲಿ ಜೋಪಾನವಾಗಿವೆ. ಫ್ರೆಡೆರಿಕ್ ಲೇಟನ್ (1830–1896) ತನ್ನ ಮನೆಗೆ 1877ರಿಂದ ಅರಬ್ ಹಾಲ್ ಎಂಬ ಅಂಗಳ ಸೇರಿಸತೊಡಗಿದ. ನಡುವೆ ಕಾರಂಜಿ, ಮೇಲೆ ಗುಮ್ಮಟ, ಸುತ್ತ ಡಮಾಸ್ಕಸ್ಸಿನ ಬಿಲ್ಲೆಗಳು. ರಿಚರ್ಡ್ ಬರ್ಟನ್ ಮುಂತಾದ ಗೆಳೆಯರು ಕೊಡಿಸಿದವು ಅವು. ಒಡೆದ, ಕಳೆದ ಜಾಗಗಳಿಗೆ ವಿಲಿಯಂ ಡಿ ಮೋರ್ಗನ್ ಹೊಸ ಬಿಲ್ಲೆ ಸುಟ್ಟುಕೊಟ್ಟ. ಬಾಗಿಲ ಮೇಲಿನ ಬರಹ ಕುರ್‌ಆನಿನ ಅರ್‍ರಹ್ಮಾನ್ ಸೂರಾದ ಆರಂಭದ್ದು. ಅದೇ ಸೂರಾದಲ್ಲಿ ಸ್ವಲ್ಪ ಮುಂದೆ, ಮನುಷ್ಯನನ್ನು ಮಡಕೆಯಂತೆ ಒಣಗಿದ ಮಣ್ಣಿನಿಂದ ಮಾಡಲಾಯಿತೆಂಬ ಮಾತು ಬರುತ್ತದೆ. ಲೇಟನ್ನಿಗೆ ಇದು ತಿಳಿದಿತ್ತೋ ಇಲ್ಲವೋ, ಗೋಡೆಗೆ ಇದಕ್ಕಿಂತ ತಕ್ಕ ಬರಹ ಇರಲಾರದು.

ಆದರೂ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಯಾವುದೋ ಗೋಡೆಗೆಂದು ಬರೆದ ಅಲ್ಲಾಹನ ಮಾತು ಇನ್ನೊಬ್ಬರ ದಿವಾನಖಾನೆಯ ಅಲಂಕಾರವಾಯಿತು. ಅಲ್ಲಿ ಹೋಗದಿದ್ದರೆ ಒಡೆದೇ ಹೋಗುತ್ತಿತ್ತು ಎಂಬವರ ವಾದದಲ್ಲೂ ಹುರುಳಿದೆ. ಬೀದರಿನ ಗೋಡೆ ಕಂಡವರು ಅದನ್ನು ತಳ್ಳಿಹಾಕಲಾರರು. ನನಗೆ ಚುಚ್ಚುವುದು ಇನ್ನೊಂದು: ಲೇಟನ್ನಿನ ಹೆಸರು ಉಳಿಯಿತು, ಮನೆ ಉಳಿಯಿತು. ಬಿಲ್ಲೆಗೆ ಹೂಬಳ್ಳಿ ಬಿಡಿಸಿದ ಡಮಾಸ್ಕಸ್ಸಿನ ಕುಂಬಾರನದು ಎರಡೂ ಉಳಿಯಲಿಲ್ಲ.

ನಮ್ಮಲ್ಲಿ ಕುಪ್ಪಳಿಯ ಕವಿಮನೆ ಕಾಪಾಡಿದ್ದೇವೆ, ಸಂತೋಷ. ಕುಂಬಾರರ ಮನೆಯನ್ನು, ತಿಗರಿ ಮತ್ತು ಆವಿಗೆಯ ಸಮೇತ, ಕಲಾವಿದನ ಮನೆಯೆಂದು ಉಳಿಸಿಕೊಳ್ಳಬೇಕೆಂದು ಈ ನಾಲ್ಕು ತಾಲ್ಲೂಕುಗಳಲ್ಲಿ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ನಮ್ಮ ಮನೆ ಪಾಲಾದಾಗ ಹಿತ್ತಾಳೆ ಪಾತ್ರೆಗಳನ್ನು ತೂಗಿ ಹಂಚಿದರು. ಬಾಯಿ ಸೀಳಿದ ಮರ್ತಬಾನು ಯಾರಿಗೂ ಬೇಡವಾಗಿ ನನ್ನ ಪಾಲಿಗೆ ಬಂತು. ಈಗ ಅದರಲ್ಲಿ ಹುಣಸೆಹಣ್ಣಿದೆ.