ಹಿಪ್ಪುನೇರಳೆ ಮರದ ಲೇತ್ ಕಡೆತ: ಕಿತ್ತ ತೋಟದ ಮರವನ್ನು ಕೆಡದಂತೆ ಉಳಿಸಿ ಬಳಸುವ ಕ್ರಮ

ರೇಷ್ಮೆ ಬೆಳೆಗಾರರು ಹಿಪ್ಪುನೇರಳೆಯನ್ನು ಸೊಪ್ಪಿಗಾಗಿ ಬೆಳೆಯುತ್ತಾರೆಯೇ ಹೊರತು ಮರಕ್ಕಾಗಿ ಅಲ್ಲ. ಆದುದರಿಂದ ಸೊಪ್ಪಿನ ಇಳುವರಿ ಕುಗ್ಗಿದ ಹಳೆಯ ತೋಟವನ್ನು ಕಿತ್ತು ಹೊಸ ತಳಿಯನ್ನು ನಾಟಿ ಮಾಡುವಾಗ ದೊರೆಯುವ ಬುಡ ಮತ್ತು ಕಾಂಡಗಳು ಸಾಮಾನ್ಯವಾಗಿ ಸೌದೆಯಾಗಿ ಒಲೆ ಸೇರುತ್ತವೆ. ವಾಸ್ತವವಾಗಿ ಇದು ಗಟ್ಟಿಯಾದ, ಬಾಗಿದರೂ ಬೇಗನೆ ಮುರಿಯದ ಮರ. ಉತ್ತರ ಭಾರತದಲ್ಲಿ ಹಾಕಿ ಕೋಲುಗಳ ತಯಾರಿಕೆಗೆ ಇದನ್ನು ಬಳಸುತ್ತಾ ಬಂದಿರುವುದು ಈ ಗುಣಕ್ಕಾಗಿಯೇ. ಲೇತ್ ಯಂತ್ರದಲ್ಲಿ ಕಡೆದು ಹಿಡಿ, ಲಟ್ಟಣಿಗೆ, ಕಡೆಗೋಲು, ಬುಗುರಿ, ಬಟ್ಟಲು ಮುಂತಾದವನ್ನು ಮಾಡಲು ಇದು ಯೋಗ್ಯವಾಗಿದೆ. ಆದರೆ ಮರ ಬಳಕೆಗೆ ಬರುವುದೋ ಬಿರುಕುಬಿಟ್ಟು ಸೌದೆಯಾಗುವುದೋ ಎಂಬುದು ಲೇತ್‌ನ ಮೇಲೆ ತೀರ್ಮಾನವಾಗುವುದಿಲ್ಲ. ಗಿಡ ಕಿತ್ತ ಮೊದಲ ಒಂದೆರಡು ದಿನಗಳಲ್ಲಿ ಹೊಲದಲ್ಲಿಯೇ ತೀರ್ಮಾನವಾಗುತ್ತದೆ.

ಮರದ ಗುಣಲಕ್ಷಣಗಳು

ತೊಗಟೆಯ ಒಳಗೆ ಕಿರಿದಾದ ಬಿಳಿಮರದ ಪದರವಿದ್ದು, ಅದರೊಳಗೆ ಹಳದಿ ಬಣ್ಣದ ಚೇಗು ಇರುತ್ತದೆ. ಹೊಸದಾಗಿ ಕಡೆದಾಗ ಹೊಂಬಣ್ಣವಿರುವ ಚೇಗು ಬೆಳಕು ತಗಲಿದಂತೆ ಕ್ರಮೇಣ ಕಂದು ಬಣ್ಣಕ್ಕೆ ತಿರುಗುತ್ತದೆ. ಇದು ದೋಷವಲ್ಲ, ಮರದ ಸ್ವಭಾವ. ಮಾರಾಟ ಮಾಡುವಾಗ ಕೊಳ್ಳುವವರಿಗೆ ಇದನ್ನು ಮೊದಲೇ ತಿಳಿಸುವುದು ಒಳ್ಳೆಯದು.

ಕಣ್ವ-2 ತಳಿಗೆ ಹೆಸರು ಕೊಟ್ಟ ಕಣ್ವ ರೇಷ್ಮೆ ಫಾರಂ ಇರುವುದು ಚನ್ನಪಟ್ಟಣ ತಾಲ್ಲೂಕಿನಲ್ಲಿ. ಅದೇ ಚನ್ನಪಟ್ಟಣ ಅರಗಿನ ಬೊಂಬೆಗಳ ಕಡೆತಕ್ಕೂ ಹೆಸರಾಗಿದೆ. ಆದರೂ ಅಲ್ಲಿನ ಕುಶಲಕರ್ಮಿಗಳು ಸಾಂಪ್ರದಾಯಿಕವಾಗಿ ಬಳಸುವುದು ಆಲೆ ಮರವನ್ನು. ಅದರ ಎಳೆ ನಯ, ಬಣ್ಣ ಬಿಳುಪು. ಆದುದರಿಂದ ಬಣ್ಣದ ಅರಗು ಅದರ ಮೇಲೆ ಶುದ್ಧವಾಗಿ ಕಾಣುತ್ತದೆ. ಹಿಪ್ಪುನೇರಳೆಯಲ್ಲಿ ಬರಿಗಣ್ಣಿಗೆ ಕಾಣುವ ರಂಧ್ರಗಳಿರುವುದರಿಂದ ಅದು ಆಲೆ ಮರಕ್ಕೆ ಪರ್ಯಾಯವಲ್ಲ. ತನ್ನದೇ ಬಣ್ಣ ಮತ್ತು ಎಳೆ ತೋರುವ ವಸ್ತುಗಳಿಗೆ ಹಾಗೂ ಹೊಡೆತ ತಾಳಬೇಕಾದ ಹಿಡಿಗಳಿಗೆ ಇದು ಹೆಚ್ಚು ಸೂಕ್ತ.

ಯಾವ ಮರವನ್ನು ಆರಿಸಬೇಕು?

• ಸೊಪ್ಪು ಕೊಡುತ್ತಿರುವ ಆರೋಗ್ಯವಂತ ಗಿಡವನ್ನು ಮರಕ್ಕಾಗಿ ಕಡಿಯಬೇಡಿ. ಹೇಗಿದ್ದರೂ ಕೀಳಲೇಬೇಕಾದ ತೋಟದ ಮರವನ್ನು ಮಾತ್ರ ಬಳಸಿ.
• ಗಿಡ ಪದ್ಧತಿಯ ತೋಟದಲ್ಲಿ ಗಿಡ್ಡನೆಯ, ಗಂಟುಳ್ಳ ಬುಡಗಳು ಸಿಗುತ್ತವೆ. ಇವು ಬುಗುರಿ, ಗುಬುಟು, ಸಣ್ಣ ಬಟ್ಟಲುಗಳಿಗೆ ಸಾಕು.
• ಮರ ಪದ್ಧತಿಯಲ್ಲಿ ನೆಟ್ಟಗಿನ ಕಾಂಡ ದೊರೆಯುವುದರಿಂದ ಲಟ್ಟಣಿಗೆ ಮತ್ತು ಹಿಡಿಗಳಿಗೆ ಬೇಕಾದ ಉದ್ದದ ತುಂಡುಗಳು ಸಿಗುತ್ತವೆ.
• ಬೇರುಕೊಳೆ ರೋಗದಿಂದ ಸತ್ತ ಗಿಡದ ಬುಡವನ್ನು ಕಡೆತಕ್ಕೆಂದು ಕೂಡಿಡಬೇಡಿ. ಬೇರುಸಹಿತ ತೆಗೆದು ಸುಡುವುದೇ ಸರಿ. ಅಂತಹ ಬುಡವನ್ನು ಹೊಲದಿಂದ ಹೊಲಕ್ಕೆ ಸಾಗಿಸಿದರೆ ರೋಗವನ್ನೇ ಸಾಗಿಸಿದಂತೆ.
• ದಿಮ್ಮಿಗಳನ್ನು ಬೇರೆಡೆಗೆ ಸಾಗಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಕಿತ್ತ ದಿನವೇ ಮಾಡಬೇಕಾದ ಕೆಲಸ

ಹಸಿಮರದ ತೇವಾಂಶ ಮೈಯಿಂದ ನಿಧಾನವಾಗಿಯೂ ಕೊಯ್ದ ತುದಿಗಳಿಂದ ಬಹುಬೇಗನೆಯೂ ಹೊರಹೋಗುತ್ತದೆ. ತುದಿ ಒಣಗಿ ಕುಗ್ಗುತ್ತದೆ, ಒಳಭಾಗ ಇನ್ನೂ ಹಸಿಯಾಗಿರುತ್ತದೆ. ಈ ಎಳೆದಾಟದಿಂದಲೇ ತುದಿಯಲ್ಲಿ ನಕ್ಷತ್ರದಂತಹ ಸೀಳುಗಳು ಮೂಡುತ್ತವೆ. ಬೇಸಿಗೆಯಲ್ಲಿ ಕಿತ್ತು ಬಿಸಿಲಿನಲ್ಲಿ ಬಿಟ್ಟ ಬುಡ ಕೆಲವೇ ದಿನಗಳಲ್ಲಿ ಹೀಗೆ ಹಾಳಾಗುತ್ತದೆ. ಇದನ್ನು ತಡೆಯಲು ಈ ಕ್ರಮ ಅನುಸರಿಸಿ.

1. ಬೇಕಾದ ಅಳತೆಗಿಂತ ಎರಡೂ ಕಡೆ 2 ಅಂಗುಲ ಹೆಚ್ಚಾಗಿ ಇಟ್ಟು ಕೊಯ್ಯಿರಿ.
2. ಕೊಯ್ದ ಕೂಡಲೇ ಎರಡೂ ತುದಿಗಳಿಗೆ ಕರಗಿಸಿದ ಮೇಣವನ್ನಾಗಲಿ ದಪ್ಪನೆಯ ಬಣ್ಣವನ್ನಾಗಲಿ ಬಳಿಯಿರಿ. ಮೇಣವನ್ನು ನೇರ ಉರಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ.
3. 4 ಅಂಗುಲಕ್ಕಿಂತ ದಪ್ಪವಿರುವ ತುಂಡನ್ನು ನಟ್ಟನಡುವಿನ ತಿರುಳಿನ ಮೂಲಕ ಎರಡು ಹೋಳಾಗಿ ಸೀಳಿ, ತಿರುಳನ್ನು ಕೆತ್ತಿ ತೆಗೆಯಿರಿ. ಸೀಳು ಹುಟ್ಟುವುದು ಹೆಚ್ಚಾಗಿ ತಿರುಳಿನಿಂದಲೇ.
4. ಗಾಳಿಯಾಡುವ ನೆರಳಿನಲ್ಲಿ, ನೆಲಕ್ಕೆ ತಾಗದಂತೆ, ಸಾಲುಗಳ ನಡುವೆ ರೀಪುಗಳನ್ನಿಟ್ಟು ಜೋಡಿಸಿ. ನೆಲಕ್ಕೆ ತಾಗಿದ ಮರಕ್ಕೆ ಗೆದ್ದಲು ಹತ್ತುತ್ತದೆ.
5. ಒಂದೆರಡು ತುಂಡುಗಳ ಮೇಲೆ ತೂಕ ಮತ್ತು ದಿನಾಂಕ ಬರೆದು ವಾರಕ್ಕೊಮ್ಮೆ ತೂಗಿ. ಸತತ ಮೂರು ವಾರ ತೂಕ ಇಳಿಯದಿದ್ದರೆ ಮರ ಒಣಗಿದೆ ಎಂದು ತಿಳಿಯಬಹುದು. ದಪ್ಪ ತುಂಡುಗಳಿಗೆ ಹಲವು ತಿಂಗಳು ಬೇಕಾಗುತ್ತದೆ. ಅವಸರ ಮಾಡಿ ಬಿಸಿಲಿಗಿಡಬಾರದು.

ಹಸಿಯಿರುವಾಗಲೇ ಕಡೆಯುವ ವಿಧಾನ

ಬಟ್ಟಲುಗಳಿಗೆ ಎರಡು ಹಂತದ ಕಡೆತ ಉತ್ತಮ. ಹಸಿಮರ ಮೃದುವಾಗಿ ಕಡೆಯಲು ಬರುತ್ತದೆ. ಮೊದಲು ಒರಟಾಗಿ ಕಡೆದು, ಅಂಚಿನ ದಪ್ಪವನ್ನು ವ್ಯಾಸದ ಹತ್ತನೇ ಒಂದು ಭಾಗದಷ್ಟು ಬಿಡಬೇಕು. ಅಂದರೆ 10 ಅಂಗುಲದ ಬಟ್ಟಲಿಗೆ 1 ಅಂಗುಲ, 5 ಅಂಗುಲದ್ದಕ್ಕೆ ಅರ್ಧ ಅಂಗುಲ. ಅದನ್ನು ಕಾಗದದ ಚೀಲದಲ್ಲಿಟ್ಟು ನೆರಳಿನಲ್ಲಿ ಒಣಗಿಸಿ. ಒಣಗಿದಾಗ ಬಟ್ಟಲು ಸ್ವಲ್ಪ ಅಂಡಾಕಾರಕ್ಕೆ ತಿರುಗುತ್ತದೆ. ಬಿಟ್ಟಿದ್ದ ದಪ್ಪದಲ್ಲಿ ಅದನ್ನು ಮತ್ತೆ ದುಂಡಾಗಿ ಕಡೆದು ಮುಗಿಸಬಹುದು.

ಲೇತ್‌ನ ಮೇಲೆ

ವೇಗವನ್ನು ತುಂಡಿನ ಗಾತ್ರಕ್ಕೆ ಹೊಂದಿಸಬೇಕು. ಅಂಗುಲಗಳಲ್ಲಿರುವ ವ್ಯಾಸವನ್ನು ನಿಮಿಷಕ್ಕೆ ತಿರುಗುವ ಸುತ್ತುಗಳಿಂದ ಗುಣಿಸಿದಾಗ 6,000ದಿಂದ 9,000ದೊಳಗೆ ಬರಬೇಕೆಂಬುದು ಕಡೆಯುವವರ ರೂಢಿಯ ಲೆಕ್ಕ. ಅದರಂತೆ 6 ಅಂಗುಲದ ಬಟ್ಟಲಿಗೆ 1,000ದಿಂದ 1,500 ಸುತ್ತು. ತುಂಡು ಇನ್ನೂ ದುಂಡಗಾಗದಿರುವಾಗ ಇದರ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಆರಂಭಿಸಿ. ನಡುಕ ನಿಂತ ಮೇಲೆ ಹೆಚ್ಚಿಸಿ.

ಉಳಿಯನ್ನು ಆಗಾಗ ಸಾಣೆ ಹಿಡಿಯಿರಿ. ಮೊಂಡು ಉಳಿ ಮರದ ಎಳೆಗಳನ್ನು ಕತ್ತರಿಸುವ ಬದಲು ಕಿತ್ತುಹಾಕುತ್ತದೆ. ಗಂಟುಗಳ ಬಳಿ ತೆಳುವಾಗಿ ಹೆರೆಯಿರಿ. ಕೊನೆಯಲ್ಲಿ 120, 180, 240, 320 ಸಂಖ್ಯೆಯ ಮರಳು ಕಾಗದಗಳನ್ನು ಕ್ರಮವಾಗಿ ಬಳಸಿ. ನಡುವಿನ ಹಂತ ಬಿಟ್ಟರೆ ಗೀರುಗಳು ಉಳಿಯುತ್ತವೆ.

ಮೆರುಗು

ಆಹಾರಕ್ಕೆ ತಾಗುವ ವಸ್ತುಗಳನ್ನು ಮೆರುಗಿಲ್ಲದೆ ಹಾಗೆಯೇ ಬಿಡಿ ಅಥವಾ ಶುದ್ಧ ಅಗಸೆ ಎಣ್ಣೆ ಮತ್ತು ಜೇನುಮೇಣ ಹಚ್ಚಿ. ಬಣ್ಣದ ಅಂಗಡಿಯ 'ಕುದಿಸಿದ' ಅಗಸೆ ಎಣ್ಣೆಯಲ್ಲಿ ಬೇಗ ಒಣಗಲು ಲೋಹದ ಲವಣಗಳನ್ನು ಸೇರಿಸಿರುವುದು ಸಾಮಾನ್ಯ. ಅದನ್ನು ಇವುಗಳಿಗೆ ಬಳಸಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ಅದ್ದಿ ಹರಡಿ ಒಣಗಿಸಿ.

ಅರಗಿನ ಮೆರುಗು ಬೇಕಿದ್ದರೆ ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯಿರಿ. ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ನಂತರ ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಅರಗು ಶಾಖಕ್ಕೆ ಮೆದುವಾಗುವುದರಿಂದ ಬಿಸಿ ಪದಾರ್ಥ ತಾಗುವ ವಸ್ತುಗಳಿಗೆ ಇದು ಸಲ್ಲದು.

ಸುರಕ್ಷತೆ

• ಶಲ್ಯ, ಸೆರಗು, ಸಡಿಲ ತೋಳು, ಬಳೆ, ಕೈಗವಸು ಇವು ಯಾವುವೂ ಲೇತ್‌ನ ಬಳಿ ಇರಬಾರದು. ತಲೆಗೂದಲನ್ನು ಬಿಗಿಯಾಗಿ ಕಟ್ಟಿಕೊಳ್ಳಿ.
• ಮುಖ ಮುಚ್ಚುವ ಪಾರದರ್ಶಕ ಕವಚ ಮತ್ತು ದೂಳು ತಡೆಯುವ ಮಾಸ್ಕ್ ಧರಿಸಿ.
• ಯಂತ್ರ ಚಾಲೂ ಮಾಡುವ ಮೊದಲು ತುಂಡನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಉಳಿ ಊರುವ ಪಟ್ಟಿಗೆ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.
• ಸೀಳು ಕಂಡ ತುಂಡನ್ನು ಲೇತ್‌ಗೆ ಏರಿಸಬೇಡಿ. ವೇಗದಲ್ಲಿ ಅದು ಒಡೆದು ಸಿಡಿಯಬಹುದು.

ರೇಷ್ಮೆ ಬೆಳೆಗಾರರಿಗೆ ವಿಶೇಷ ಸೂಚನೆ

ರೇಷ್ಮೆ ಹುಳು ಕೀಟನಾಶಕಗಳಿಗೆ ಅತಿ ಸೂಕ್ಷ್ಮ. ಗೆದ್ದಲು ಅಥವಾ ಕುಟ್ಟೆ ಹುಳುವಿನ ಭಯದಿಂದ ಕೂಡಿಟ್ಟ ಮರಕ್ಕೆ ಕೀಟನಾಶಕ ಸಿಂಪಡಿಸಿ ಹುಳು ಸಾಕಾಣಿಕೆ ಮನೆಯಲ್ಲಾಗಲಿ ಅದರ ಸಮೀಪದಲ್ಲಾಗಲಿ ಇಟ್ಟರೆ ಇಡೀ ಬೆಳೆಯೇ ಕೈಬಿಡಬಹುದು. ಕುಟ್ಟೆ ಹುಳು ಮುಖ್ಯವಾಗಿ ಬಿಳಿಮರಕ್ಕೆ ಬೀಳುತ್ತದೆ. ಆದುದರಿಂದ ಔಷಧಿಗೆ ಬದಲಾಗಿ ತೊಗಟೆ ಮತ್ತು ಬಿಳಿಮರವನ್ನು ಕೆತ್ತಿ ತೆಗೆಯುವುದು ಲೇಸು. ಲೇತ್, ಮರದ ರಾಶಿ ಮತ್ತು ವಾರ್ನಿಷ್ ಡಬ್ಬಗಳನ್ನು ಸಾಕಾಣಿಕೆ ಮನೆಯಿಂದ ದೂರವಿಡಿ.

ಮೊದಲ ಬಾರಿಗೆ ಪ್ರಯತ್ನಿಸುವವರು ಕೂಡಲೇ ಯಂತ್ರ ಕೊಳ್ಳಬೇಕಾಗಿಲ್ಲ. ಹತ್ತಿಪ್ಪತ್ತು ತುಂಡುಗಳನ್ನು ಮೇಲಿನ ಕ್ರಮದಲ್ಲಿ ಒಣಗಿಸಿ, ಹತ್ತಿರದ ಕಡೆತದವರಲ್ಲಿ ಕುಡುಗೋಲಿನ ಹಿಡಿ ಅಥವಾ ಲಟ್ಟಣಿಗೆ ಮಾಡಿಸಿ ನೋಡಿ. ಎಷ್ಟು ತುಂಡು ಸೀಳದೆ ಉಳಿಯಿತೆಂಬ ಲೆಕ್ಕ ನಿಮ್ಮ ಕೈಗೆ ಬಂದ ಮೇಲೆ ಮುಂದಿನ ಖರ್ಚನ್ನು ನಿರ್ಧರಿಸಿ.